ಪಕ್ಕದ ಕುರ್ಚಿಯ ಪರಿಚಯ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ವರ್ಷವಿಡೀ ಒಂದಿಲ್ಲೊಂದು ಕಾರ್ಯಾಗಾರ ನಡೆಯುತ್ತಲೇ ಇರುತ್ತದೆ. ರೇಷ್ಮೆ ಬೆಳೆಗಾರರಿಗೆ ತರಬೇತಿ, ಆಶಾ ಕಾರ್ಯಕರ್ತೆಯರಿಗೆ ಸಭೆ, ಶಿಕ್ಷಕರಿಗೆ ಸಮಾಲೋಚನೆ, ಸ್ತ್ರೀಶಕ್ತಿ ಸಂಘಗಳ ಸಮಾವೇಶ, ಕಾಡಂಚಿನ ಹಳ್ಳಿಗಳಲ್ಲಿ ಜಾಗೃತಿ ಶಿಬಿರ. ಹೆಸರು ಬೇರೆಯಾದರೂ ನಡಾವಳಿ ಹೆಚ್ಚುಕಡಿಮೆ ಒಂದೇ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಹಾರ-ಶಾಲು, ಪ್ರಾಸ್ತಾವಿಕ ನುಡಿ, ಉದ್ಘಾಟನಾ ಭಾಷಣ, ಅಧ್ಯಕ್ಷರ ಭಾಷಣ. ಇಷ್ಟಾಗುವ ಹೊತ್ತಿಗೆ ಮಧ್ಯಾಹ್ನ ಹತ್ತಿರವಾಗಿರುತ್ತದೆ. ಆಮೇಲೆ ಸಂಪನ್ಮೂಲ ವ್ಯಕ್ತಿಯ ಉಪನ್ಯಾಸ, ಊಟ, ವಂದನಾರ್ಪಣೆ. ಹಾಜರಿ ಪುಸ್ತಕಕ್ಕೆ ಸಹಿ ಬೀಳುತ್ತದೆ, ಫೋಟೊ ತೆಗೆಯಲಾಗುತ್ತದೆ, ಎಲ್ಲರೂ ಊರಿನ ಬಸ್ಸು ಹಿಡಿಯುತ್ತಾರೆ. ಇಡೀ ದಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರ ಹೆಸರೇನು, ಊರು ಯಾವುದು ಎಂಬುದು ಬಹಳ ಮಂದಿಗೆ ತಿಳಿಯುವುದೇ ಇಲ್ಲ.

ಇದನ್ನು ನಾನು ದೊಡ್ಡ ನಷ್ಟವೆಂದು ಭಾವಿಸುತ್ತೇನೆ. ಒಂದು ರೇಷ್ಮೆ ತರಬೇತಿಯ ಸಭಾಂಗಣದಲ್ಲಿ ಯಾರೆಲ್ಲ ಇರುತ್ತಾರೆ ನೋಡಿ. ಮಳೆಗಾಲದ ಥಂಡಿಯಲ್ಲಿ ಸುಣ್ಣಕಟ್ಟು ರೋಗದಿಂದ ಪೂರ್ತಿ ಬೆಳೆ ಕಳೆದುಕೊಂಡವರು ಇರುತ್ತಾರೆ. ಅದೇ ರೋಗವನ್ನು ಹುಳುಮನೆಯ ಗಾಳಿ, ಬೆಳಕು, ಹಾಸಿಗೆಯ ತೇವ ಸರಿಮಾಡಿಕೊಂಡು ಗೆದ್ದವರೂ ಇರುತ್ತಾರೆ. ಬೇಸಿಗೆಯ ಹಾಲುರೋಗಕ್ಕೆ ಹೈರಾಣಾದವರು, ಊಜಿ ನೊಣಕ್ಕೆ ಸೊಳ್ಳೆಪರದೆಯಂಥ ಬಲೆ ಕಟ್ಟಿ ಪಾರಾದವರು, ನೀರು ಕಡಿಮೆಯಿದ್ದರೂ ಹಿಪ್ಪುನೇರಳೆಯನ್ನು ಮರಗಡ್ಡಿಯಾಗಿ ಬೆಳೆಸಿ ಸೊಪ್ಪು ತೆಗೆಯುವವರು, ಎಳೆಯ ಚಾಕಿ ಹುಳು ಸಾಕಿ ಮಾರುವವರು ಎಲ್ಲರೂ ಒಂದೇ ಸೂರಿನಡಿ ಇರುತ್ತಾರೆ. ಉಪನ್ಯಾಸದಲ್ಲಿ ಹೇಳುವುದು ಇಲಾಖೆಯ ಕೈಪಿಡಿಯಲ್ಲಿ ಸಿಗುತ್ತದೆ, ಮೊಬೈಲಿನಲ್ಲೂ ಸಿಗುತ್ತದೆ. ಪಾಳ್ಯ ಹೋಬಳಿಯ ರೈತನಿಗೆ ಅಗರ ಹೋಬಳಿಯ ರೈತ ಹೇಳಬಹುದಾದದ್ದು ಮಾತ್ರ ಬೇರೆಲ್ಲೂ ಸಿಗದು. ಅದು ಸಿಗುವ ಒಂದೇ ಜಾಗ ಆ ಸಭಾಂಗಣ. ಅಲ್ಲಿಯೇ ನಾವು ಎಲ್ಲರನ್ನೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂರಿಸುತ್ತೇವೆ.

ನನ್ನ ವಾದ ಇಷ್ಟು: ವೃತ್ತಿಪರರ ಸಭೆಯೊಂದರ ಮುಖ್ಯ ಕೆಲಸ ಅಪರಿಚಿತರನ್ನು ಪರಸ್ಪರ ಉಪಯೋಗಕ್ಕೆ ಬರುವಂತೆ ಪರಿಚಯಿಸುವುದು. ಉಪನ್ಯಾಸ ಅದಕ್ಕೆ ನೆಪವಾಗಬಹುದು, ಪೂರಕವಾಗಬಹುದು, ಬದಲಿಯಾಗಲಾರದು. ಈ ಪರಿಚಯ ತಾನಾಗಿ ಆಗುವುದಿಲ್ಲ. ಅದನ್ನು ಮೊದಲೇ ಯೋಚಿಸಿ ಏರ್ಪಡಿಸಬೇಕಾಗುತ್ತದೆ. ಯಾರ ಪಕ್ಕ ಯಾರು ಕೂರಬೇಕು, ಅವರ ನಡುವೆ ಏನಿರಬೇಕು, ಎಷ್ಟು ಹೊತ್ತು, ಆಮೇಲೇನು ಎಂಬುದನ್ನು ಶಾಮಿಯಾನ, ಊಟದಷ್ಟೇ ಮುತುವರ್ಜಿಯಿಂದ ತೀರ್ಮಾನಿಸಬೇಕು.

ಅಷ್ಟೇನೂ ಆಪ್ತರಲ್ಲದವರ ಪರಿಚಯಕ್ಕೆ ಇಷ್ಟು ಮಹತ್ವ ಏಕೆ? ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಇದಕ್ಕೆ ಉತ್ತರವಿದೆ. ಪರಿಚಿತರ ಮೂಲಕ ಕೆಲಸ ಹಿಡಿದವರನ್ನು ಅವರು ಮಾತಾಡಿಸಿದರು. ಕೆಲಸದ ಸುದ್ದಿ ಕೊಟ್ಟವರನ್ನು ಆಗಾಗ್ಗೆ ಕಾಣುತ್ತಿದ್ದೆವು ಎಂದವರು ಶೇ 17ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದೆವು ಎಂದವರು ಶೇ 56ರಷ್ಟು, ತೀರಾ ಅಪರೂಪ ಎಂದವರು ಶೇ 28ರಷ್ಟು. ಕಾರಣ ಸರಳ. ನಮ್ಮ ನೆಂಟರಿಷ್ಟರಿಗೆ, ನಮ್ಮ ಬೀದಿಯವರಿಗೆ ಗೊತ್ತಿರುವುದು ನಮಗೂ ಬಹುಪಾಲು ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ನಮಗಿಂತ ಬೇರೆ ಬಳಗದಲ್ಲಿ ಓಡಾಡುವವರಿಂದ. ಕಷ್ಟಕ್ಕೆ ಆಗುವವರು ಆಪ್ತರು. ದಾರಿ ತೋರಿಸುವವರು ಎಷ್ಟೋ ಸಲ ಅರ್ಧ ಪರಿಚಿತರು. ಒಂದು ಹಳ್ಳಿಯ ರೈತನಿಗೆ, ಒಂದು ಉಪಕೇಂದ್ರದ ನರ್ಸಿಗೆ, ಏಕೋಪಾಧ್ಯಾಯ ಶಾಲೆಯ ಮೇಷ್ಟ್ರಿಗೆ ಇಂಥ ಅರ್ಧ ಪರಿಚಿತರು ಸಿಗುವ ಅವಕಾಶ ವರ್ಷಕ್ಕೆ ಕೆಲವೇ ಸಲ ಬರುತ್ತದೆ. ಅದು ಇಂಥ ಸಭೆಗಳ ದಿನ.

ಜನರನ್ನು ಒಂದೆಡೆ ಸೇರಿಸಿ ಚಹಾ ಕೊಟ್ಟರೆ ಸಾಕು, ಪರಿಚಯ ತಾನಾಗಿ ಬೆಳೆಯುತ್ತದೆ ಎನ್ನುವವರಿದ್ದಾರೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಮ್ ಮತ್ತು ಮೈಕೆಲ್ ಮಾರಿಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿತು. ಸುಮಾರು ನೂರು ಮಂದಿ ವ್ಯವಹಾರಸ್ಥರು ಸೇರಿದ್ದ ಒಂದು ಕೂಟದಲ್ಲಿ ಪ್ರತಿಯೊಬ್ಬರಿಗೂ ಎಲೆಕ್ಟ್ರಾನಿಕ್ ಬ್ಯಾಡ್ಜ್ ತೊಡಿಸಿ, ಯಾರು ಯಾರೊಡನೆ ಎಷ್ಟು ಹೊತ್ತು ನಿಂತರು ಎಂದು ದಾಖಲಿಸಿದರು. ಬಂದವರಲ್ಲಿ ಬಹುತೇಕರು ಹೊಸಬರ ಪರಿಚಯವೇ ತಮ್ಮ ಉದ್ದೇಶವೆಂದು ಮೊದಲೇ ಹೇಳಿದ್ದರು. ಕೂಟದಲ್ಲಿ ಅವರಿಗೆ ಗೊತ್ತಿದ್ದವರು ಮೂರನೇ ಒಂದರಷ್ಟೇ ಇದ್ದರು. ಆದರೂ ಅವರು ಸುಮಾರು ಅರ್ಧ ಹೊತ್ತನ್ನು ಆ ಗೊತ್ತಿದ್ದವರ ಜೊತೆಯಲ್ಲೇ ಕಳೆದರು. ಮಾತಿಗೆ ಹಿಂಜರಿಯದ, ಒಂದೇ ವರ್ಗದ, ಪರಿಚಯ ಬೆಳೆಸುವುದೇ ಕಸುಬಾದ ಜನರ ಪಾಡು ಇದು. ಹೀಗಿರುವಾಗ ಜಾತಿ, ಹೆಣ್ಣು-ಗಂಡು, ಓದಿದವರು-ಓದದವರು, ಅಧಿಕಾರಿ-ಅರ್ಜಿದಾರ ಎಂಬ ಗೆರೆಗಳು ಕಣ್ಣಿಗೆ ಕಾಣುವಷ್ಟು ದಪ್ಪವಾಗಿರುವ ನಮ್ಮ ಸಭೆಗಳಲ್ಲಿ ಜನ ತಾವಾಗಿಯೇ ಬೆರೆಯುತ್ತಾರೆಂದು ಕೈಕಟ್ಟಿ ಕೂರುವುದು ಹೊಣೆಗೇಡಿತನ.

ಈ ಮೂರು ತಾಲ್ಲೂಕುಗಳಲ್ಲಿ ಗೆರೆಗಳು ಇನ್ನೂ ಹೆಚ್ಚು. ಕೊಳ್ಳೇಗಾಲಕ್ಕೂ ಯಳಂದೂರಿಗೂ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಆದರೆ 1956ರವರೆಗೆ ಇವೆರಡೂ ಬೇರೆ ಬೇರೆ ಸರ್ಕಾರಗಳ ಕೆಳಗಿದ್ದವು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ, ಮೈಸೂರು ಸಂಸ್ಥಾನಕ್ಕೆ ಸೇರಿದ ಸೀಮೆ. ಕೊಳ್ಳೇಗಾಲ ಮದ್ರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಏಕೀಕರಣದ ನಂತರ ಎರಡೂ ಮೈಸೂರು ಜಿಲ್ಲೆಯಲ್ಲಿದ್ದು, 1997ರಲ್ಲಿ ಹೊಸ ಚಾಮರಾಜನಗರ ಜಿಲ್ಲೆಗೆ ಸೇರಿದವು. ಈಚೆಗೆ ಹನೂರು ಕೊಳ್ಳೇಗಾಲದಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಾಯಿತು. ತಾಲ್ಲೂಕು ಬೇರೆಯಾದರೆ ಕಚೇರಿ ಬೇರೆ, ಸಭೆ ಬೇರೆ, ಫಲಾನುಭವಿಗಳ ಪಟ್ಟಿಯೂ ಬೇರೆ. ಇದರ ಮೇಲೆ ನೆಲದ ದೂರವಿದೆ. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರು. ಕಾಡೊಳಗಿನ ಪೋಡುಗಳಿಂದ, ಅಂದರೆ ಸೋಲಿಗ ಆದಿವಾಸಿಗಳ ಹಾಡಿಗಳಿಂದ, ಬಸ್ಸು ನಿಲ್ಲುವ ಜಾಗಕ್ಕೇ ಬಹಳ ನಡೆಯಬೇಕು. ರೈಲು ಮೂರು ಊರುಗಳಲ್ಲಿ ಒಂದಕ್ಕೂ ಬಂದಿಲ್ಲ. ಭಾಷೆಯ ಪದರಗಳೂ ಇವೆ: ಸೋಲಿಗರ ನುಡಿ, ಗಡಿಯ ಹಳ್ಳಿಗಳ ತಮಿಳು, ಒಡೆಯರಪಾಳ್ಯದ ಶಿಬಿರದ ಟಿಬೆಟನ್. ಇಷ್ಟೆಲ್ಲ ದಾಟಿ ಒಬ್ಬ ವ್ಯಕ್ತಿ ಒಂದು ದಿನದ ಕೂಲಿ ಬಿಟ್ಟು ಸಭೆಗೆ ಬಂದಾಗ ಅವರನ್ನು ಬರೀ ಪ್ರೇಕ್ಷಕರನ್ನಾಗಿ ಕೂರಿಸಿ ಕಳಿಸುವುದಕ್ಕೆ ನಮಗೆ ಮನಸ್ಸಾದರೂ ಹೇಗೆ ಬರುತ್ತದೆ?

ಕೊಳ್ಳೇಗಾಲದ ರೇಷ್ಮೆಯನ್ನೇ ತೆಗೆದುಕೊಳ್ಳೋಣ. ಹಳೆಯ ಮದ್ರಾಸ್ ಪ್ರಾಂತದ ರೇಷ್ಮೆ ಕೃಷಿಯ ಮುಖ್ಯ ನೆಲೆಯೇ ಕೊಳ್ಳೇಗಾಲ ಸೀಮೆ. ಇಲ್ಲಿ ರೇಷ್ಮೆ ಬೆಳೆಗಾರರಿದ್ದಾರೆ, ಗೂಡಿನ ಮಾರುಕಟ್ಟೆಯಿದೆ, ನೇಕಾರರಿದ್ದಾರೆ, ಸೀರೆಗೆ ಹೆಸರಿದೆ. ಯಳಂದೂರು ತಾಲ್ಲೂಕಿನ ಮಾಂಬಳ್ಳಿ ನೂಲು ಬಿಚ್ಚಾಣಿಕೆಗೆ ಹೆಸರಾದ ಊರು. ಮೊಟ್ಟೆಯಿಂದ ಸೀರೆಯವರೆಗಿನ ಸರಪಳಿಯ ಹಲವು ಕೊಂಡಿಗಳು ಒಂದು ದಿನದಲ್ಲಿ ಸುತ್ತಿ ಬರಬಹುದಾದಷ್ಟು ಹತ್ತಿರದಲ್ಲಿವೆ. ಆದರೂ ಕಳೆದ ಕೆಲವು ದಶಕಗಳಲ್ಲಿ ಈ ಜಿಲ್ಲೆಯ ರೇಷ್ಮೆ ಕೃಷಿ ಕುಗ್ಗುತ್ತಲೇ ಬಂತು. ನೀರಿನ ಕೊರತೆ, ಬೆಲೆಯ ಏರಿಳಿತ, ಆಮದು ರೇಷ್ಮೆ, ಕೂಲಿಯ ಅಭಾವ ಎಂದು ಕಾರಣಗಳು ಹಲವು. ಅವುಗಳನ್ನು ಒಂದು ಸಭೆ ಬಗೆಹರಿಸಲಾರದು. ಆದರೆ ಸಭೆ ಬಗೆಹರಿಸಬಹುದಾದ ಒಂದು ತೊಡಕೂ ಇದೆ, ಅದರತ್ತ ನಮ್ಮ ಗಮನ ಹರಿದಿಲ್ಲ.

ಗೂಡಿನ ಮಾರುಕಟ್ಟೆಯಲ್ಲಿ ರೈತ ಮತ್ತು ಗೂಡಿನಿಂದ ನೂಲು ಬಿಚ್ಚುವ ರೀಲರ್ ದಿನವೂ ಒಂದೇ ಸೂರಿನಡಿ ಸೇರುತ್ತಾರೆ. ಗೂಡನ್ನು ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲ, ಚಿಟ್ಟೆ ಕೊರೆದು ಹೊರಬಂದರೆ ಎಳೆ ತುಂಡಾಗಿ ಗೂಡು ಕೆಡುತ್ತದೆ. ಹೀಗಾಗಿ ಅಲ್ಲಿ ಎಲ್ಲರಿಗೂ ಆತುರ. ಗೂಡು ಸುರಿಯುವುದು, ಹರಾಜು, ತೂಕ, ಹಣ ಎಂದು ವ್ಯವಹಾರ ಬೇಗ ಮುಗಿಯುತ್ತದೆ. ಬಹಿರಂಗ ಹರಾಜು ಬಂದದ್ದರಿಂದ ರೈತನಿಗೆ ಆದ ಉಪಕಾರ ಸಣ್ಣದಲ್ಲ. ದಲ್ಲಾಳಿಯ ಹಿಡಿತ ಅದರಿಂದ ಸಡಿಲವಾಯಿತು. ಆದರೆ ಹರಾಜಿನಲ್ಲಿ ರೈತನಿಗೆ ಬೆಲೆ ಗೊತ್ತಾಗುತ್ತದೆ, ಬೆಲೆಯ ಕಾರಣ ಗೊತ್ತಾಗುವುದಿಲ್ಲ. ಪಕ್ಕದವನ ಲಾಟಿಗೆ ಕಿಲೋಗೆ ಐವತ್ತು ರೂಪಾಯಿ ಹೆಚ್ಚು ಬಂದರೆ ರೈತ ಅದನ್ನು ಅದೃಷ್ಟಕ್ಕೋ ವಶೀಲಿಗೋ ಹೊಂದಿಸಿಕೊಂಡು ಮನೆಗೆ ಹೋಗುತ್ತಾನೆ. ಕಾರಣ ಗೊತ್ತಿರುವುದು ರೀಲರ್‌ಗೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬ ರೆಂಡಿಟ್ಟ ಲೆಕ್ಕ ಅವನ ಬದುಕು. ಅದು ಮಿಶ್ರತಳಿಯಲ್ಲಿ ಏಳೆಂಟರ ಆಸುಪಾಸು, ಒಳ್ಳೆಯ ದ್ವಿತಳಿಯಲ್ಲಿ ಆರರ ಆಸುಪಾಸು. ಯಾವ ಗೂಡಿನ ಎಳೆ ಪದೇಪದೇ ತುಂಡಾಗುತ್ತದೆ, ಯಾವುದರಲ್ಲಿ ಜೋಡಿಗೂಡು ಹೆಚ್ಚು ಎಂಬುದು ಅವನ ಬೆರಳಿಗೆ ತಿಳಿಯುತ್ತದೆ. ಇವಕ್ಕೆ ಮೂಲ ರೈತನ ಮನೆಯಲ್ಲಿದೆ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಿಸುವ ಚಂದ್ರಿಕೆಯಲ್ಲಿ ಒತ್ತೊತ್ತಾಗಿ ಬಿಟ್ಟರೆ ಜೋಡಿಗೂಡು ಆಗುತ್ತದೆ. ಗೂಡು ಕಟ್ಟುವ ದಿನಗಳಲ್ಲಿ ಗಾಳಿಯಾಡದೆ ತೇವ ಹೆಚ್ಚಾದರೆ ಎಳೆ ಸಲೀಸಾಗಿ ಬಿಚ್ಚುವುದಿಲ್ಲ. ಸಮಸ್ಯೆ ಒಬ್ಬರ ಮನೆಯಲ್ಲಿ ಹುಟ್ಟುತ್ತದೆ, ಇನ್ನೊಬ್ಬರ ಮನೆಯಲ್ಲಿ ಕಾಣಿಸುತ್ತದೆ. ಇಬ್ಬರೂ ಕೂತು ಮಾತಾಡುವ ಒಂದು ಗಂಟೆ ಮಾತ್ರ ಯಾವ ದಿನಚರಿಯಲ್ಲೂ ಇಲ್ಲ.

ಆದ್ದರಿಂದ ರೇಷ್ಮೆ ಕಾರ್ಯಾಗಾರವನ್ನು ಸಭಾಭವನದಿಂದ ಎಬ್ಬಿಸಿ ಬಿಚ್ಚಾಣಿಕೆಯ ಬೇಸಿನ್ ಮುಂದೆ ತರಬೇಕು ಎನ್ನುತ್ತೇನೆ. ಇಪ್ಪತ್ತು ರೈತರು, ಹತ್ತು ಮಂದಿ ರೀಲರ್‌ಗಳು, ಇಬ್ಬರು ಮೂವರು ನೇಕಾರರು ಸಾಕು. ಪ್ರತಿಯೊಬ್ಬ ರೈತ ತನ್ನ ಬೆಳೆಯ ಒಂದಿಷ್ಟು ಗೂಡು ತರಲಿ. ಅವನ ಕಣ್ಣೆದುರೇ ಅದನ್ನು ಬೇರೆಯಾಗಿ ಬಿಚ್ಚಲಿ. ಒಳ್ಳೆಯ ದ್ವಿತಳಿ ಗೂಡೊಂದರಿಂದ ಸಾವಿರ ಮೀಟರಿಗೂ ಮಿಕ್ಕಿ ಎಳೆ ಬರುತ್ತದೆ. ತನ್ನ ಗೂಡಿನ ಎಳೆ ಎಷ್ಟಕ್ಕೆ ತುಂಡಾಯಿತು ಎಂದು ನೋಡಿದ ರೈತ ಸುಮ್ಮನಿರಲಾರ, ಕಾರಣ ಕೇಳುತ್ತಾನೆ. ರೀಲರ್ ಹೇಳುತ್ತಾನೆ. ಪಕ್ಕದ ರೈತ ತನ್ನ ಮನೆಯಲ್ಲಿ ಏನು ಮಾಡಿದೆ ಎನ್ನುತ್ತಾನೆ. ನೇಕಾರ ಆ ನೂಲನ್ನು ಬೆರಳಲ್ಲಿ ಎಳೆದು ಮಗ್ಗದ ಮೇಲೆ ಇದು ಹೇಗೆ ನಿಲ್ಲುತ್ತದೆಂದು ವಿವರಿಸುತ್ತಾನೆ. ಇಲಾಖೆಯ ತಜ್ಞರು ಅಲ್ಲೇ ಇದ್ದು, ಕೇಳಿದ ಪ್ರಶ್ನೆಗೆ ಉತ್ತರಿಸುತ್ತಾರೆ. ಅಂಥ ದಿನದ ಕೊನೆಗೆ ಫೋನ್ ನಂಬರು ಬದಲಾಯಿಸಿಕೊಳ್ಳಿ ಎಂದು ಯಾರೂ ಹೇಳಬೇಕಾಗುವುದಿಲ್ಲ.

ಈ ಯೋಚನೆ ಹೊಸದೇನಲ್ಲ. 1989ರಲ್ಲಿ ಇಂಡೊನೇಷ್ಯಾದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಶುರುವಾದ ರೈತ ಕ್ಷೇತ್ರ ಪಾಠಶಾಲೆಗಳು ಇದೇ ತತ್ವದ ಮೇಲೆ ನಡೆದವು. ಭತ್ತದ ರೈತರು ಸಣ್ಣ ಗುಂಪಾಗಿ ವಾರಕ್ಕೊಮ್ಮೆ ಗದ್ದೆಗಿಳಿದು, ಕಂಡ ಹುಳುಗಳನ್ನು ಎಣಿಸಿ, ದೊಡ್ಡ ಹಾಳೆಯ ಮೇಲೆ ಬಿಡಿಸಿ, ಔಷಧಿ ಹೊಡೆಯಬೇಕೆ ಬೇಡವೆ ಎಂದು ತಾವೇ ಚರ್ಚಿಸಿ ತೀರ್ಮಾನಿಸುತ್ತಿದ್ದರು. ಆ ಮಾದರಿ ಮುಂದೆ ಭಾರತವೂ ಸೇರಿ ಹತ್ತಾರು ದೇಶಗಳಿಗೆ ಹರಡಿತು. ನಮ್ಮ ಜಿಲ್ಲೆಯಲ್ಲೇ, ಹೊಂಡರಬಾಳಿನಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕನಸಿನ ಅಮೃತಭೂಮಿ ಇದೆ. ರೈತ ಸಂಘ ಕಟ್ಟಿದ ಈ ಕೇಂದ್ರ ರೈತರಿಂದ ರೈತರು ಕಲಿಯುವುದನ್ನೇ ನೆಚ್ಚಿಕೊಂಡಿದೆ. ಈ ಕಲಿಕೆಯಲ್ಲಿ ನಡುವೆ ಒಂದು ವಸ್ತು ಅಥವಾ ಕೆಲಸ ಇರುತ್ತದೆ, ಜನ ಅದರ ಸುತ್ತ ಕೂರುತ್ತಾರೆ. ಸಂಕೋಚವುಳ್ಳವರಿಗೆ ಮುಖ ನೋಡಿ ಮಾತು ಶುರುಮಾಡುವುದು ಕಷ್ಟ. ಎದುರಿಗಿರುವ ಗೂಡಿನ ಬಗೆಗೋ ಎಲೆಯ ಬಗೆಗೋ ಮಾತಾಡುವುದು ಸುಲಭ. "ನಿಮ್ಮ ಪರಿಚಯ ಮಾಡಿಕೊಳ್ಳಿ" ಎಂದರೆ ತಲೆ ತಗ್ಗಿಸುವ ಹೆಣ್ಣುಮಗಳು "ಈ ಹುಳು ಯಾಕೆ ಸತ್ತಿದೆ?" ಎಂದು ಕೇಳಿದರೆ ಹತ್ತು ನಿಮಿಷ ಮಾತಾಡುತ್ತಾಳೆ. ಮೊಟ್ಟೆಯೊಡೆದು ಗೂಡು ಕಟ್ಟುವವರೆಗಿನ ಸುಮಾರು 25 ದಿನ ಹುಳುವನ್ನು ಹಗಲೂ ರಾತ್ರಿ ನೋಡಿಕೊಂಡವಳು ಅವಳೇ ಆಗಿರುತ್ತಾಳೆ. ತರಬೇತಿಯ ಆಹ್ವಾನ ಮಾತ್ರ ಪಹಣಿಯಲ್ಲಿ ಹೆಸರಿರುವ ಗಂಡನಿಗೆ ಹೋಗುತ್ತದೆ.

ಸರಿಯಾದ ಇಬ್ಬರು ಸರಿಯಾದ ಜಾಗದಲ್ಲಿ ಕೂಡಿದರೆ ಏನಾಗಬಹುದು ಎಂಬುದಕ್ಕೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟವೇ ಸಾಕ್ಷಿ. 1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಬಳಿಕ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯ ಸಂಶೋಧಕರು ಬಂದು ಕಾಡಿನ ಕಿರು ಉತ್ಪನ್ನ, ನೆಲ್ಲಿ ಮರ, ಲಂಟಾನ ಕಳೆಗಳ ಅಧ್ಯಯನಕ್ಕೆ ತೊಡಗಿದರು. 1997 ಮತ್ತು 2008ರ ನಡುವೆ ಲಂಟಾನ ಹರಡಿದ ಪ್ರಮಾಣ ಸುಮಾರು ಇಮ್ಮಡಿಯಾದುದನ್ನು ಅವರ ಅಳತೆಗಳು ತೋರಿಸಿದವು. ಏಕೆ ಎಂಬ ಪ್ರಶ್ನೆಗೆ ಸೋಲಿಗ ಹಿರಿಯರ ಬಳಿ ಒಂದು ವಿವರಣೆಯಿತ್ತು. ಬೇಸಿಗೆ ಬಲಿಯುವ ಮೊದಲೇ ನೆಲದ ಒಣಗಿದೆಲೆಗೆ ತಾವು ಹಾಕುತ್ತಿದ್ದ ತರಗು ಬೆಂಕಿ ತಗ್ಗಿನಲ್ಲೇ ಹರಿದು ಹೋಗುತ್ತಿತ್ತು. ಕಳೆಯ ಸಸಿಗಳನ್ನೂ ನೆಲ್ಲಿ ಮರಕ್ಕೆ ಹತ್ತುವ ಬದನಿಕೆಯನ್ನೂ ಹತೋಟಿಯಲ್ಲಿಡುತ್ತಿತ್ತು. ಕಾಡು ವನ್ಯಧಾಮವಾಗಿ ಬೆಂಕಿಗೆ ನಿಷೇಧ ಬಂದ ಮೇಲೆ ಅವೆರಡೂ ಹೆಚ್ಚಿದವು ಎಂಬುದು ಅವರ ಅನುಭವ. ಈ ಮಾತನ್ನು ಸಂಶೋಧಕರು ಗಂಭೀರವಾಗಿ ತೆಗೆದುಕೊಂಡು ತಮ್ಮ ಅಧ್ಯಯನದೊಳಗೆ ತಂದರು, ವೈಜ್ಞಾನಿಕ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಹಾಗೆಯೇ ಸೋಲಿಗರೊಂದಿಗೆ ಕಾಡು ಸುತ್ತಿ ಸುಮಾರು 500 ಪವಿತ್ರ ತಾಣಗಳನ್ನು ನಕ್ಷೆಯ ಮೇಲೆ ಗುರುತಿಸಿದರು. 2011ರಲ್ಲಿ ಇದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು ಸಿಕ್ಕಿದ್ದು ಇಲ್ಲಿ.

ತರಗು ಬೆಂಕಿಯ ವಿಷಯ ಇನ್ನೂ ಚರ್ಚೆಯಲ್ಲಿದೆ, ಇರಲಿ. ಆ ಮಾತು ಹೊರಬಂದ ಬಗೆ ಇಲ್ಲಿ ಮುಖ್ಯ. ಬೆಟ್ಟದ ಹಿರಿಯರೊಬ್ಬರನ್ನು ಕೆಳಗಿನ ಪಟ್ಟಣದ ಸಭಾಂಗಣಕ್ಕೆ ಕರೆತಂದು, ವೇದಿಕೆಯ ಮುಂದೆ ಕೂರಿಸಿ, ಅರಣ್ಯ ಸಂರಕ್ಷಣೆಯ ಮಹತ್ವದ ಬಗ್ಗೆ ಉಪನ್ಯಾಸ ಕೊಟ್ಟಿದ್ದರೆ ಅದು ಎಂದೂ ಹೊರಬರುತ್ತಿರಲಿಲ್ಲ. ಅವರ ಜಾಗದಲ್ಲಿ, ಅವರಿಗೆ ಗೊತ್ತಿರುವ ಮರದ ಕೆಳಗೆ, ನಡೆಯುತ್ತ ಕೇಳಿದಾಗ ಬಂತು. ಯಾರ ಜಾಗದಲ್ಲಿ ಭೇಟಿಯಾಗುತ್ತೇವೆ ಎಂಬುದೇ ಯಾರ ಮಾತು ನಡೆಯುತ್ತದೆ ಎಂಬುದನ್ನು ಅರ್ಧ ತೀರ್ಮಾನಿಸಿಬಿಡುತ್ತದೆ.

ಹನೂರಿನ ಕಾಡಂಚಿಗೆ ಬಂದರೆ ಇದೇ ಮಾತಿನ ಇನ್ನೊಂದು ಮುಖ ಕಾಣುತ್ತದೆ. 2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ವಿಷದಿಂದ ಸತ್ತವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದು ಕಾರಣವೆಂದು ತನಿಖೆಯಿಂದ ತಿಳಿಯಿತು. ಆ ಅಪರಾಧಕ್ಕೆ ಸಮರ್ಥನೆ ಇಲ್ಲ. ಆದರೆ ದನಗಾಹಿ, ಅರಣ್ಯ ಕಾವಲುಗಾರ, ಪಶುವೈದ್ಯ, ಪಂಚಾಯಿತಿ ಸದಸ್ಯ, ಪರಿಹಾರದ ಕಡತ ನೋಡುವ ಗುಮಾಸ್ತ ಇವರೆಲ್ಲ ಒಬ್ಬರಿಗೊಬ್ಬರು ಎದುರಾಗುವುದು ಸಾಮಾನ್ಯವಾಗಿ ಯಾವಾಗ? ದನ ಸತ್ತ ಮೇಲೆ, ಬೆಳೆ ಹಾಳಾದ ಮೇಲೆ, ಸಿಟ್ಟು ನೆತ್ತಿಗೇರಿದ ಮೇಲೆ. ಮೊದಲ ಭೇಟಿಯೇ ಜಗಳದಲ್ಲಿ ಆದವರು ಎರಡನೆಯದನ್ನೂ ಅನುಮಾನದಿಂದಲೇ ಶುರುಮಾಡುತ್ತಾರೆ. ಹಸು ಸತ್ತ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಆ ಕಡೆ ಎತ್ತಿಕೊಳ್ಳುವ ವ್ಯಕ್ತಿ ನನ್ನ ಮಾತು ನಂಬುತ್ತಾನೆಯೇ ಎಂಬುದು ಶಾಂತವಾದ ದಿನಗಳಲ್ಲೇ ತೀರ್ಮಾನವಾಗಿರಬೇಕು. ಕಾಡಂಚಿನ ಜಾಗೃತಿ ಸಭೆಗಳನ್ನು ಹುಲಿಯ ಮಹತ್ವ ಬೋಧಿಸುವುದಕ್ಕೆ ಬದಲು ಇದಕ್ಕೆ ಬಳಸಬಹುದು. ಒಂದೊಂದು ಗಸ್ತಿನ ಕಾವಲುಗಾರ ಮತ್ತು ಆ ಸರಹದ್ದಿನ ದನಗಾಹಿಗಳು ಒಟ್ಟಿಗೆ ಕೂತು, ಮೇಯಿಸುವ ದಾರಿ, ನೀರಿನ ಜಾಗ, ಹುಲಿ-ಆನೆ ಓಡಾಡುವ ಹಳ್ಳ ಇವನ್ನು ಒಂದೇ ಹಾಳೆಯ ಮೇಲೆ ಗುರುತು ಹಾಕಲಿ. ಪರಿಹಾರದ ಅರ್ಜಿಯೊಂದನ್ನು ಅಲ್ಲೇ ಜೊತೆಯಾಗಿ ತುಂಬಿ ನೋಡಲಿ. ಅಷ್ಟು ಮಾಡಿದ ಇಬ್ಬರು ಮತ್ತೆ ಅಪರಿಚಿತರಾಗುವುದಿಲ್ಲ.

ಇದೆಲ್ಲ ನಮ್ಮ ಜನರಿಗೆ ಒಗ್ಗದು, ಗೌರವ-ಮರ್ಯಾದೆ, ಮೇಲು-ಕೀಳು ಬಿಟ್ಟು ಒಟ್ಟಿಗೆ ಕೂರುವುದು ಇಲ್ಲಿ ಸಾಧ್ಯವಿಲ್ಲ ಎಂಬ ಆಕ್ಷೇಪವನ್ನು ನಾನು ಬಲ್ಲೆ. ಅದಕ್ಕೆ ಉತ್ತರ ಇದೇ ಸೀಮೆಯ ಚಿಕ್ಕಲ್ಲೂರಿನಲ್ಲಿದೆ. ಮಂಟೇಸ್ವಾಮಿ ಪರಂಪರೆಯ ಸಿದ್ದಪ್ಪಾಜಿಯ ಜಾತ್ರೆ ಬನದ ಹುಣ್ಣಿಮೆಯಂದು ಚಂದ್ರಮಂಡಲವೆಂಬ ಆಚರಣೆಯೊಂದಿಗೆ ಶುರುವಾಗಿ ಐದು ದಿನ ನಡೆಯುತ್ತದೆ. ಒಂದು ದಿನ ಪಂಕ್ತಿಸೇವೆ. ಸುತ್ತಣ ಜಿಲ್ಲೆಗಳಿಂದ ಬಂದ ಭಕ್ತರು ಬಯಲಿನಲ್ಲಿ ಬಿಡಾರ ಹೂಡಿ, ಅಡುಗೆ ಮಾಡಿ, ಜಾತಿಯ ಲೆಕ್ಕವಿಲ್ಲದೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಅಲ್ಲಿನ ಪ್ರಾಣಿಬಲಿಯ ಪ್ರಶ್ನೆ ನ್ಯಾಯಾಲಯದವರೆಗೆ ಹೋದ ಪ್ರತ್ಯೇಕ ವಿಷಯ. ನಾನು ಎತ್ತಿ ಹೇಳಬಯಸುವುದು ಪಂಕ್ತಿಯನ್ನು. ಯಾರ ಪಕ್ಕ ಕೂರುವುದು ಎಂಬ ಆಯ್ಕೆಯನ್ನು ಅದು ವ್ಯಕ್ತಿಯ ಕೈಯಿಂದ ತೆಗೆದು ಪದ್ಧತಿಯ ಕೈಗೆ ಕೊಟ್ಟಿತು. ವ್ಯಕ್ತಿಗೆ ಬಿಟ್ಟಿದ್ದರೆ ಎಲ್ಲರೂ ತಂತಮ್ಮವರ ಪಕ್ಕವೇ ಕೂರುತ್ತಿದ್ದರು. ನ್ಯೂಯಾರ್ಕಿನ ಬ್ಯಾಡ್ಜುಗಳು ಕಂಡುಕೊಂಡ ಮನುಷ್ಯ ಸ್ವಭಾವವನ್ನು ಈ ಪರಂಪರೆ ಎಷ್ಟೋ ತಲೆಮಾರುಗಳ ಹಿಂದೆಯೇ ಅರಿತು ಅದಕ್ಕೊಂದು ಉಪಾಯ ಮಾಡಿತ್ತು. ನಮ್ಮ ಜನಕ್ಕೆ ಒಟ್ಟಿಗೆ ಕೂರುವುದು ಬರುವುದಿಲ್ಲ ಎನ್ನುವವರು ಚಿಕ್ಕಲ್ಲೂರನ್ನು ಮರೆತಿದ್ದಾರೆ. ಕೂರಿಸುವ ಕ್ರಮವೊಂದಿದ್ದರೆ ಜನ ಕೂರುತ್ತಾರೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪರಿಚಯ ಬೆಳೆಸುವುದರಲ್ಲಿ ಮುಂದಿರುವವರು ಈಗಾಗಲೇ ಬಲವುಳ್ಳವರು, ಗುತ್ತಿಗೆದಾರರು, ದಲ್ಲಾಳಿಗಳು. ಸಭೆಗಳಲ್ಲಿ ಇನ್ನಷ್ಟು ಬೆರೆಯಲು ಬಿಟ್ಟರೆ ಲಾಭ ಅವರಿಗೇ ಎಂಬುದು ಅದು. ಇದು ನಿಜವಾದ ಅಪಾಯ. ಆದರೆ ಈ ಅಪಾಯ ಇರುವುದು ಏರ್ಪಾಟಿಲ್ಲದ ಕೂಟದಲ್ಲಿ. ಈಗಿನ ಪದ್ಧತಿಯಲ್ಲಿ ಭಾಷಣ ಮುಗಿದ ಕೂಡಲೇ ವೇದಿಕೆಯ ಹಿಂದಿನ ಕೋಣೆಗೆ ಹೋಗಿ ಅಧಿಕಾರಿಯ ಜೊತೆ ಚಹಾ ಕುಡಿಯುವವರು ಯಾರು? ಅವರಿಗೆ ಅವಕಾಶ ಈಗಲೂ ಇದೆ. ಇಲ್ಲದಿರುವುದು ಕೊನೆಯ ಸಾಲಿನವರಿಗೆ. ಆರು ಮಂದಿಯ ಗುಂಪಿನಲ್ಲಿ ಪ್ರತಿಯೊಬ್ಬರ ಸರದಿ ಬರುವಂತೆ ಮಾಡಿದರೆ ಬಲವುಳ್ಳವನ ಮಾತಿಗೂ ಒಂದು ಮಿತಿ ಬೀಳುತ್ತದೆ, ಬಲವಿಲ್ಲದವನಿಗೂ ಒಂದು ಸರದಿ ಸಿಗುತ್ತದೆ.

ವಾಟ್ಸ್ಯಾಪ್ ಗುಂಪುಗಳಿವೆಯಲ್ಲ, ಭೇಟಿಯೇಕೆ ಎಂದೂ ಕೇಳುತ್ತಾರೆ. ಮುನ್ನೂರು ಮಂದಿಯ ಗುಂಪಿನಲ್ಲಿ ಶುಭೋದಯದ ಚಿತ್ರಗಳು, ಸುತ್ತೋಲೆಗಳು ಬರುತ್ತವೆ. ತನ್ನ ಬೆಳೆ ಹಾಳಾಯಿತು, ತನ್ನ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಓದಲು ಬರುತ್ತಿಲ್ಲ ಎಂದು ಅಲ್ಲಿ ಬರೆಯುವವರು ವಿರಳ. ಸೋಲನ್ನು ಹೇಳಿಕೊಳ್ಳಲು ನಂಬಿಕೆ ಬೇಕು, ನಂಬಿಕೆಗೆ ಒಮ್ಮೆಯಾದರೂ ಎದುರು ಬದುರು ಕೂತಿರಬೇಕು. ಆ ಭೇಟಿ ಆದ ಮೇಲೆ ಫೋನು ಅದ್ಭುತವಾಗಿ ಕೆಲಸ ಮಾಡುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಆಹ್ವಾನದ ಜೊತೆ ಎರಡು ಪ್ರಶ್ನೆ ಹೋಗಲಿ: ನಿಮ್ಮ ಕೆಲಸದಲ್ಲಿ ನಿಮಗೆ ಚೆನ್ನಾಗಿ ಬರುವುದು ಯಾವುದು, ಈಗ ನಿಮ್ಮನ್ನು ಕಾಡುತ್ತಿರುವುದು ಯಾವುದು? ಬರೆಯಲಾಗದವರಿಂದ ಫೋನಿನಲ್ಲಿ ಕೇಳಿ ಬರೆದುಕೊಳ್ಳಬಹುದು. ಒಬ್ಬರಿಗೆ ಬರುವುದು ಇನ್ನೊಬ್ಬರನ್ನು ಕಾಡುವುದಕ್ಕೆ ಎಲ್ಲಿ ಹೊಂದುತ್ತದೆಯೋ ಅವರನ್ನು ಒಂದೇ ಗುಂಪಿಗೆ ಹಾಕುವುದು ಸಂಘಟಕರ ನಿಜವಾದ ಕೆಲಸ. ಎರಡನೆಯದಾಗಿ, ವೇದಿಕೆಯ ಕಾರ್ಯಕ್ರಮ ಅರ್ಧ ಗಂಟೆ ಮೀರದಿರಲಿ. ಅತಿಥಿಗಳ ಗೌರವಕ್ಕೆ ಕುಂದು ಬರಬೇಕಿಲ್ಲ. ಅವರೂ ಒಂದು ಗುಂಪಿನಲ್ಲಿ ಕೂತು ಕೇಳಲಿ. ಆ ತಾಲ್ಲೂಕಿನ ಬಗ್ಗೆ ಅವರಿಗೆ ಯಾವ ಕಡತವೂ ಹೇಳದ್ದು ಅಲ್ಲಿ ತಿಳಿಯುತ್ತದೆ. ಮೂರನೆಯದಾಗಿ, ಊಟವನ್ನು ಬಿಡುವೆಂದು ಕಾಣದೆ ಕಾರ್ಯಕ್ರಮದ ಭಾಗವಾಗಿ ನೋಡಬೇಕು. ಬೆಳಗಿನ ಗುಂಪು ಮುರಿದು ಹೊಸ ಪಂಕ್ತಿಯಲ್ಲಿ ಕೂರಿಸಿದರೆ ಅದೇ ಎರಡನೆಯ ಭೇಟಿಯಾಗುತ್ತದೆ. ಅಮೆರಿಕದ ಹ್ಯಾರಿಸನ್ ಓವನ್ ಎಂಬವರು ದೊಡ್ಡ ಸಮ್ಮೇಳನವೊಂದನ್ನು ಕಷ್ಟಪಟ್ಟು ಏರ್ಪಡಿಸಿದ ಮೇಲೆ, ಜನರಿಗೆ ಹೆಚ್ಚು ಹಿಡಿಸಿದ್ದು ಕಾಫಿಯ ಬಿಡುವುಗಳು ಎಂದು ಕಂಡುಕೊಂಡರು. ಆ ಬಿಡುವನ್ನೇ ಸಭೆಯನ್ನಾಗಿಸುವ ಪ್ರಯತ್ನದಿಂದ 1980ರ ದಶಕದಲ್ಲಿ, ಬಂದವರೇ ವಿಷಯ ಆರಿಸಿ ಗುಂಪು ಕಟ್ಟುವ ಮುಕ್ತ ಸಭೆಯ ಕ್ರಮ ಹುಟ್ಟಿತು. ಶಿಕ್ಷಕರ ಸಮಾಲೋಚನಾ ಸಭೆಗೆ ಇದು ಹೇಳಿ ಮಾಡಿಸಿದಂತಿದೆ.

ನಾಲ್ಕನೆಯದಾಗಿ, ಸಮಯ ಮತ್ತು ಜಾಗ. ಹುಳುವಿಗೆ ಸೊಪ್ಪು ಹಾಕುವ ಹೊತ್ತು, ಮಕ್ಕಳು ಶಾಲೆಯಿಂದ ಬರುವ ಹೊತ್ತು, ಬೆಟ್ಟಕ್ಕೆ ಹೋಗುವ ಕೊನೆಯ ಬಸ್ಸು ಇವನ್ನು ನೋಡದೆ ಗೊತ್ತುಮಾಡಿದ ಸಭೆಗೆ ಹೆಂಗಸರು, ಪೋಡಿನವರು ಬರಲಾರರು. ಬಂದರೂ ಮಾತು ಶುರುವಾಗುವ ಹೊತ್ತಿಗೆ ಏಳಬೇಕಾಗುತ್ತದೆ. ಹಾರ, ಶಾಲು, ಫ್ಲೆಕ್ಸ್‌ಗಳ ಹಣದಲ್ಲಿ ಬಸ್ ಖರ್ಚು ಕೊಡಬಹುದು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಬಹುದು. ವರ್ಷದಲ್ಲಿ ಒಂದು ಸಭೆಯಾದರೂ ಮೂರು ತಾಲ್ಲೂಕುಗಳಿಗೆ ಜಂಟಿಯಾಗಿ ನಡೆಯಲಿ, ಸರದಿಯ ಮೇಲೆ ಒಮ್ಮೆ ಬೆಟ್ಟದಲ್ಲಿ, ಒಮ್ಮೆ ಮಾರುಕಟ್ಟೆಯಲ್ಲಿ, ಒಮ್ಮೆ ಮಗ್ಗದ ಮನೆಯಲ್ಲಿ. ಐದನೆಯದು ಮುಂದಿನ ಹೆಜ್ಜೆ. ಒಂದೇ ಭೇಟಿಯಿಂದ ಬೆಳೆದ ಪರಿಚಯ ಬೇಗ ಬಾಡುತ್ತದೆ. ಒಂದು ಬೆಳೆಯ ಅವಧಿ ಕಳೆದ ಮೇಲೆ ಅದೇ ಗುಂಪು ಅರ್ಧ ದಿನ ಮತ್ತೆ ಸೇರಿ, ಹೇಳಿದ್ದನ್ನು ಮಾಡಿದೆವೆ, ಏನಾಯಿತು ಎಂದು ಮಾತಾಡಿಕೊಳ್ಳಲಿ.

ಕೊನೆಯದಾಗಿ, ಅಳತೆಗೋಲು ಬದಲಾಗಬೇಕು. ಎಷ್ಟು ಮಂದಿ ಹಾಜರಿದ್ದರು, ಎಷ್ಟು ಖರ್ಚಾಯಿತು, ಫೋಟೊ ಎಲ್ಲಿ ಎಂದು ಮಾತ್ರ ಕೇಳುವ ವರದಿ ನಮೂನೆ ಇರುವವರೆಗೆ ಸಂಘಟಕರು ಕುರ್ಚಿ ತುಂಬಿಸುವುದಕ್ಕೇ ದುಡಿಯುತ್ತಾರೆ. ಅವರನ್ನು ದೂರಿ ಫಲವಿಲ್ಲ. ಕೇಳಿದ್ದಕ್ಕೆ ಅವರು ಉತ್ತರ ಕೊಡುತ್ತಿದ್ದಾರೆ. ಆ ನಮೂನೆಗೆ ಇನ್ನೊಂದು ಅಂಕಣ ಸೇರಿಸಬೇಕು: ಸಭೆಯಾದ ತಿಂಗಳೊಳಗೆ, ಅಲ್ಲಿ ಮೊದಲ ಬಾರಿ ಪರಿಚಯವಾದವರನ್ನು ಕೆಲಸದ ವಿಷಯಕ್ಕೆ ಸಂಪರ್ಕಿಸಿದವರು ಎಷ್ಟು ಮಂದಿ? ಹತ್ತು ಮಂದಿಗೆ ಫೋನ್ ಮಾಡಿ ಕೇಳಿದರೆ ಉತ್ತರ ಸಿಗುತ್ತದೆ. ಈ ಒಂದು ಪ್ರಶ್ನೆಗೆ ಮೇಲಿನವರು ಲೆಕ್ಕ ಕೇಳತೊಡಗಿದರೆ ಕುರ್ಚಿಗಳ ಜೋಡಣೆ, ಭಾಷಣಗಳ ಉದ್ದ, ಆಹ್ವಾನ ಯಾರ ಹೆಸರಿಗೆ ಎಂಬುದು ಎಲ್ಲವೂ ಬದಲಾಗುತ್ತವೆ. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಹೆಚ್ಚಿನ ಅನುದಾನವೂ ಬೇಕಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಕಸುಬು ಬಲ್ಲವರಿಗೆ ಕೊರತೆಯಿಲ್ಲ. ಅವರು ಒಬ್ಬರಿಗೊಬ್ಬರು ಸಿಗುವಂತೆ ಮಾಡುವ ಹೊಣೆಯನ್ನು ಸಭೆ ಕರೆಯುವ ಪ್ರತಿಯೊಬ್ಬರೂ, ಇಲಾಖೆಯಾಗಲಿ ಸಂಘವಾಗಲಿ ಸಂಸ್ಥೆಯಾಗಲಿ, ತಮ್ಮ ಮೊದಲ ಹೊಣೆಯೆಂದು ಒಪ್ಪಿಕೊಳ್ಳಬೇಕು.